ತೊಂಬತ್ತೊಂದು ಹೆಬ್ಬೆಟ್ಟು

ಸುಣ್ಣದ ಚೀಲ ಒಡೆದದ್ದು ಬೆಳಿಗ್ಗೆ ಎಂಟರ ಹೊತ್ತಿಗೆ. ನನ್ನಣ್ಣ ಜುಮಾನ್ ಅದನ್ನು ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಬರುತ್ತಿದ್ದ. ಕಕ್ಕಸಿನ ಗುಂಡಿಗೆ ಸುರಿಯುವ ಸುಡುಸುಣ್ಣ ಅದು. ಹೊಲಿಗೆ ಬಿಚ್ಚಿತು. ಕಡಲ ಗಾಳಿ ಬೀಸಿತು. ಪುಡಿಯೆಲ್ಲ ಅವನ ಮುಖಕ್ಕೆ ಬಂದು ಕಣ್ಣು ತುಂಬಿತು.

ನಾನು ಹತ್ತು ಹೆಜ್ಜೆ ಹಿಂದಿದ್ದೆ. ತಲೆಯ ಮೇಲೆ ಹೇಲಿನ ಬುಟ್ಟಿ. ಅಣ್ಣ ಕೂಗಲಿಲ್ಲ. ಎರಡೂ ಅಂಗೈಯಿಂದ ಕಣ್ಣುಜ್ಜುತ್ತ ಗೋಡೆಗೆ ಡಿಕ್ಕಿ ಹೊಡೆದ. ಬುಟ್ಟಿ ಇಳಿಸಿ ಅವನ ಕೈ ಹಿಡಿದು ಓಡಿದೆ. ಓಣಿಯ ತುದಿಯಲ್ಲಿ ಊರಿನ ನಲ್ಲಿ ಇತ್ತು.

ನಲ್ಲಿಯ ಮುಂದೆ ಡಬ್ಬಗಳ ಸಾಲು. ಹೆಂಗಸರು, ನೀರು ಹೊರುವವರು, ಹೋಟೆಲಿನ ಆಳುಗಳು. ನಮ್ಮನ್ನು ನೋಡಿದ್ದೇ ತಡ ಒಬ್ಬ ಕೋಲು ಅಡ್ಡ ಹಿಡಿದ.

"ಏ ಖಾದಿಮ್, ದೂರ ನಿಲ್ಲು."

"ಕಣ್ಣಿಗೆ ಸುಣ್ಣ ಬಿದ್ದಿದೆ. ಒಂದು ಚೊಂಬು ಹುಯ್ಯಿರಿ" ಎಂದೆ.

"ಸರದಿ ಇದೆ ಇಲ್ಲಿ. ಎಲ್ಲರದೂ ಮುಗೀಲಿ."

"ಕಣ್ಣು ಹೋಗುತ್ತೆ ಅಣ್ಣಾ."

"ಅವನು ಬಂದು ನಲ್ಲಿ ಮುಟ್ಟಿದ್ರೆ ಏಳು ಸಲ ತೊಳೀಬೇಕು. ನೀನು ತೊಳೀತೀಯಾ?"

ಒಬ್ಬಳು ನಕ್ಕಳು. ನೀರು ಡಬ್ಬಕ್ಕೆ ಬೀಳುತ್ತಲೇ ಇತ್ತು, ತುಂಬಿ ಹೊರಗೂ ಹರಿಯುತ್ತಿತ್ತು. ಅಣ್ಣ ಆ ಸದ್ದಿನ ಕಡೆಗೆ ಮುಖ ಮಾಡಿ ನಿಂತಿದ್ದ. ಕೊನೆಗೆ ಒಬ್ಬ ಮುದುಕಿ ತನ್ನ ಡಬ್ಬ ತುಂಬಿದ ಮೇಲೆ ಎರಡು ಚೊಂಬು ಮೇಲಿನಿಂದ ಹುಯ್ದಳು. ತಾಗಬಾರದೆಂದು ತೋಳನ್ನು ಎತ್ತರಕ್ಕೆ ಚಾಚಿದ್ದಳು. ಅರ್ಧ ನೀರು ಅವನ ಹೆಗಲ ಮೇಲೆ ಬಿತ್ತು. ಅಷ್ಟರಲ್ಲಿ ಅವನ ಬಲಗಣ್ಣು ಬೆಂದ ಮೀನಿನ ಕಣ್ಣಿನ ಹಾಗೆ ಬಿಳಿಯಾಗಿತ್ತು.

ನಮ್ಮನ್ನು ಏಡನ್ ಊರು ಖಾದಿಮ್ ಎಂದು ಕರೆಯುತ್ತದೆ. ಆಳು ಎಂದರ್ಥ. ನಾವೂ ಅದೇ ದೇವರಿಗೆ ಮಂಡಿಯೂರುವವರು. ಅದೇ ಭಾಷೆ ನಮ್ಮದೂ. ಆದರೆ ಊರಿನ ಹೇಲು ಹೊರುವುದು ನಾವು ಮಾತ್ರ. ಪ್ರತಿ ಮನೆಯ ಹಿತ್ತಿಲ ಓಣಿಯಲ್ಲಿ ಮಂಡಿ ಎತ್ತರಕ್ಕೆ ಒಂದು ಕಿಂಡಿ ಇರುತ್ತದೆ. ಅದರೊಳಗೆ ಭುಜದ ತನಕ ಕೈ ತೂರಿಸಿ ತಗಡಿನಿಂದ ಬಾಚಬೇಕು. ಮೇಲೆ ಯಾರಾದರೂ ಕೂತಿದ್ದರೆ ಅದು ಕೈಯ ಮೇಲೇ ಬೀಳುತ್ತದೆ. ಬಾಚಿದ್ದನ್ನು ಬುಟ್ಟಿಗೆ, ಬುಟ್ಟಿಯದನ್ನು ಒಂಟೆಗಾಡಿಯ ಪೀಪಾಯಿಗೆ ಹಾಕಬೇಕು. ಪೀಪಾಯಿಯನ್ನು ಕಡಲಿಗೆ ಸುರಿಯಬೇಕು. ಸುರಿಯುವ ಜಾಗ ನಮ್ಮ ಕೇರಿಯ ಮುಂದೆಯೇ. ಉಪ್ಪಿನ ಗದ್ದೆಗಳ ಆಚೆ, ತಗಡು ಚಾಪೆಗಳ ಗುಡಿಸಲುಗಳು ನಮ್ಮವು. ಅಲ್ಲಿ ನೀರಿಲ್ಲ, ಕುಡಿಯುವಷ್ಟನ್ನು ಮಾತ್ರ ನೀರಿನ ಗಾಡಿಯವನಿಂದ ಕೊಳ್ಳಬೇಕು. ಕೆಲಸ ಮುಗಿಸಿ ಬಂದರೆ ಮರಳಿನಲ್ಲಿ ಕೈ ಉಜ್ಜಿಕೊಳ್ಳಬೇಕು. ಆಮೇಲೆ ಅದೇ ಕೈಯಲ್ಲಿ ಜೋಳದ ಮುದ್ದೆ ಮುರಿಯಬೇಕು.

ಅಣ್ಣನ ಎಡಗಣ್ಣಿನಲ್ಲಿ ನೆರಳು ಮಾತ್ರ ಉಳಿಯಿತು. ಹಾಜರಿ ಕೂಗುವ ಮುಕದ್ದಮ ಬಾಸುಲೈಬ್ ಅವನನ್ನು ನೋಡಿ ಗಲ್ಲ ಕೆರೆದುಕೊಂಡ.

"ಕುರುಡನ ತಲೆ ಮೇಲೆ ಬುಟ್ಟಿ ಇಟ್ರೆ ದಾರಿ ತುಂಬ ಚೆಲ್ಲಿಕೊಂಡು ಹೋಗ್ತಾನೆ. ಪಟ್ಟೀಲಿ ಇವನ ಹೆಸರು ಉಳಿಯಲ್ಲ ಕಣೇ ಮಬ್ರೂಕಾ."

"ಪೊರಕೆ ಕೊಡಿ. ಬೀದಿ ಗುಡಿಸ್ತಾನೆ."

"ಅದು ನನ್ನ ಕೈಲಿಲ್ಲ. ಕಚೇರಿಗೆ ಹೋಗಿ ಕೇಳ್ಕೊ."

ಹೆಸರು ಹೋದರೆ ಗುಡಿಸಲೂ ಹೋಗುತ್ತದೆ. ಕೇರಿಯ ಜಾಗ ಸರಕಾರದ್ದು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಮಾತ್ರ ಅಲ್ಲಿ ಚಾಪೆ ಕಟ್ಟುವ ಹಕ್ಕು. ಮದುವೆಯಿಲ್ಲದ, ಅರೆಗಣ್ಣಿನ ನನ್ನಣ್ಣನನ್ನು ಒಳಗೆ ಇಟ್ಟುಕೊಂಡರೆ ನನ್ನ ಹೆಸರಿಗೂ ಗೀಟು ಬೀಳುತ್ತಿತ್ತು.

ಕೇರಿಯ ಹಿರಿಯ ಫುತೈನಿ ಅಜ್ಜ. ಅವನ ಗುಡಿಸಲಿನ ಮುಂದೆ ಎಲ್ಲರೂ ಕೂತೆವು. ಲಡಾಯಿ ಮುಗಿದು ಮೂರು ವರ್ಷವಾಗಿತ್ತು. ಬಿಳಿಯರು ಊರಿಗೆ ಹೊಸ ರಸ್ತೆ, ಹೊಸ ದೀಪ ಮಾಡಿಸುತ್ತಿದ್ದರು. ಅರ್ಜಿ ಹಾಕಿದವರಿಗೆ ಕೊಡುತ್ತಾರೆ ಎಂಬ ಮಾತಿತ್ತು. ಮೀನುಗಾರರು ಅರ್ಜಿ ಹಾಕಿ ಕಟ್ಟೆ ಕಟ್ಟಿಸಿಕೊಂಡಿದ್ದರು. ಕಾಫಿ ವ್ಯಾಪಾರಿಗಳಿಗೆ ಚಪ್ಪರ ಸಿಕ್ಕಿತ್ತು.

"ನಾವೂ ಹಾಕೋಣ" ಎಂದೆ. "ಕೇರಿಗೊಂದು ನಲ್ಲಿ. ಪಟ್ಟೀಲಿ ಜುಮಾನಣ್ಣನ ಹೆಸರು."

ಅಜ್ಜ ಬೇಡವೆಂದು ತಲೆಯಾಡಿಸಿದ. "ನಮ್ಮಪ್ಪ ಸರಕಾರದವರನ್ನ ಏನೂ ಕೇಳಿರಲಿಲ್ಲ."

"ಅದಕ್ಕೇ ಏನೂ ಸಿಕ್ಕಿರಲಿಲ್ಲ ಅಜ್ಜ."

ಹಾಗೆ ನಾವು ಮುನ್ಷಿ ಘಾನಿಮನ ಹತ್ತಿರ ಹೋದೆವು. ಅವನು ಕಚೇರಿಯ ಹೊರಗೋಡೆಯ ನೆರಳಿನಲ್ಲಿ ಮೇಜು ಹಾಕಿಕೊಂಡು ಊರವರ ಅರ್ಜಿ ಬರೆಯುತ್ತಿದ್ದ. ಅಜ್ಜ, ನಾನು, ಅಣ್ಣ, ಪಕ್ಕದ ಗುಡಿಸಲಿನ ಸಲೂಮಾ, ನಾಲ್ಕು ಜನ ಹೋಗಿದ್ದೆವು.

"ಅಲ್ಲೇ ನಿಲ್ಲಿ. ಅಲ್ಲಲ್ಲ, ಆ ಕಡೆಯಿಂದ ಗಾಳಿ ಬರ್ತಿದೆ. ಈಚೆ ಬನ್ನಿ. ಹೂಂ, ಸಾಕು." ಮುನ್ಷಿ ಮೂಗಿನ ಹತ್ತಿರ ಮಲ್ಲಿಗೆ ಎಳೆ ಹಿಡಿದುಕೊಂಡ. "ಹೇಳಿ, ಏನು ಬೇಕು?"

"ನೀರು ಮುನ್ಷಿಗಳೇ. ಕೇರಿಗೊಂದು ನಲ್ಲಿ" ಎಂದ ಅಜ್ಜ.

"ನಲ್ಲಿ. ಮತ್ತೆ?"

"ಒಂದು ಕಕ್ಕಸು."

ಮುನ್ಷಿ ಲೇಖನಿ ಕೆಳಗಿಟ್ಟು ನಕ್ಕ. "ಊರಿನ ಕಕ್ಕಸೆಲ್ಲ ನಿಮ್ಮದೇ ಅಲ್ವೇನಯ್ಯಾ. ಇನ್ನೊಂದು ಯಾಕೆ?"

ಅಜ್ಜ ನಗಲಿಲ್ಲ. ನಮ್ಮ ಹೆಂಗಸರು ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ ಎಂದು ಅಷ್ಟು ದೊಡ್ಡ ಮನುಷ್ಯನಿಗೆ ಹೇಳಲು ಅವನಿಗೆ ನಾಚಿಕೆಯಾಯಿತು.

ನಾನು ಅಣ್ಣನ ವಿಷಯ ಹೇಳಿದೆ. ನಲ್ಲಿಯ ಹತ್ತಿರ ನಡೆದದ್ದನ್ನೂ ಹೇಳಿದೆ. ಮುನ್ಷಿ ಬರೆದುಕೊಳ್ಳಲಿಲ್ಲ. ಆಗ ಸಲೂಮಾ ಮುಂದೆ ಬಂದಳು.

"ನನ್ನದೂ ಬರೀರಿ. ನನ್ನ ಕೂಸು ಸತ್ತಾಗ ಹೆಣ ತೊಳೆಯೋಕೆ ನೀರಿರಲಿಲ್ಲ. ಬೆಳಿಗ್ಗೆಯಿಂದ ನಲ್ಲಿ ಹತ್ರ ನಿಂತೆ. ಮಧ್ಯಾಹ್ನ ಒಂದು ಡಬ್ಬ ಸಿಕ್ತು. ಅಷ್ಟೊತ್ತಿಗೆ ಅದು ವಾಸನೆ ಬಂದಿತ್ತು."

"ಅಳೋದನ್ನೆಲ್ಲ ಸರಕಾರ ಓದಲ್ಲ ಕಣಮ್ಮ. ಅರ್ಜಿಗೆ ಒಂದು ರೀತಿ ಅಂತ ಇದೆ."

ಆ ರೀತಿಯಲ್ಲಿ ಅವನು ಬರೆದ. ಬರೆದು ಗಟ್ಟಿಯಾಗಿ ಓದಿದ. ಅರ್ಧ ಹಾಳೆಯಷ್ಟು ದೊರೆಯ ಹೊಗಳಿಕೆ. ಅವನ ನೆರಳು ಬಿದ್ದ ಕಡೆ ಹಸಿರು ಚಿಗುರುತ್ತದಂತೆ. ಆಮೇಲೆ ನಾವು ಬಂದೆವು. ತಮ್ಮ ಜೋಡಿನ ಧೂಳಿಗೂ ಸಮನಲ್ಲದ ನಾವು. ನಾಯಿಗಿಂತ ಕಡೆಯಾದ ನಾವು. ನಮ್ಮ ನಾರುವ ಬಾಯಿಯಿಂದ ತಮ್ಮ ಪವಿತ್ರ ಹೆಸರೆತ್ತಿದ್ದಕ್ಕೆ ಕ್ಷಮೆ ಬೇಡುವ ನಾವು. ಹೀಗೆಲ್ಲ ಆದ ಮೇಲೆ ಒಂದು ನಲ್ಲಿ, ಒಂದು ಕಕ್ಕಸು. ಕೊನೆಯಲ್ಲಿ ಅಣ್ಣ. 'ಸದರಿ ಜುಮಾನನನ್ನು ಅವನ ಕಷ್ಟದಿಂದ ಬಿಡುಗಡೆಗೊಳಿಸಬೇಕಾಗಿ ಪ್ರಾರ್ಥನೆ.' ಸುಣ್ಣ ಇರಲಿಲ್ಲ, ನಲ್ಲಿಯ ಸಾಲು ಇರಲಿಲ್ಲ, ಸಲೂಮಾಳ ಕೂಸು ಇರಲಿಲ್ಲ.

"ನಾಯಿಗಿಂತ ಕಡೆ ಅಂತ ಯಾಕೆ ಬರೆದ್ರಿ?" ಎಂದೆ.

"ಇಲ್ಲಾಂದ್ರೆ ಯಾರು ಓದ್ತಾರೆ? ದೊರೆ ಮುಂದೆ ನೆಟ್ಟಗೆ ನಿಂತು ನೀರು ಕೊಡಿ ಅಂದ್ರೆ ಅದಕ್ಕೆ ಅರ್ಜಿ ಅನ್ನಲ್ಲ, ದಂಗೆ ಅಂತಾರೆ."

"ನಾವು ಹಾಗೆ ಹೇಳಲಿಲ್ಲ."

"ನಿನಗೆ ನಲ್ಲಿ ಬೇಕೋ, ಮರ್ಯಾದೆ ಬೇಕೋ? ಒಂದು ಹಾಳೇಲಿ ಎರಡನ್ನೂ ಕೇಳೋಕಾಗಲ್ಲ."

ಅಣ್ಣ ನನ್ನ ತೋಳು ಹಿಡಿದು ಒತ್ತಿದ. ಸುಮ್ಮನಿರು ಎಂದು. ಸುಮ್ಮನಾದೆ. ಅದು ನನಗೆ ಇವತ್ತಿಗೂ ಹೇಸಿಗೆ.

ಹಾಳೆಯನ್ನು ಕೇರಿಗೆ ತಂದೆವು. ಪಟ್ಟಿಯಲ್ಲಿದ್ದ ತೊಂಬತ್ತೊಂದು ಜನ ಹೆಬ್ಬೆಟ್ಟು ಒತ್ತಿದರು. ಒತ್ತುವ ಮೊದಲು ಮರಳಿನಲ್ಲಿ ಉಜ್ಜಿ ಉಜ್ಜಿ ಬೆರಳು ಸ್ವಚ್ಛ ಮಾಡಿಕೊಂಡರು. ನಾಯಿಗಿಂತ ಕಡೆ ಎಂದು ಬರೆದ ಹಾಳೆಗೆ ಕೊಳೆ ತಾಗಬಾರದೆಂದು.

ಕಚೇರಿಯ ಒಳಗೆ ನಮ್ಮನ್ನು ಬಿಡಲಿಲ್ಲ. ಹಿಂದಿನ ಬಾಗಿಲಿಗೆ ಗುಮಾಸ್ತ ವಲ್ಲಭಜಿ ಬಂದ. ಹಿಂದೂಸ್ತಾನದಿಂದ ಬಂದು ಬಹಳ ವರ್ಷವಾಗಿದ್ದ ಮನುಷ್ಯ. ನಮ್ಮ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದ. ಅವನು ನಮ್ಮನ್ನು ಬೈಯಲಿಲ್ಲ. ಮೂಗು ಮುಚ್ಚಿಕೊಳ್ಳಲೂ ಇಲ್ಲ. ಎಷ್ಟು ದೂರದಲ್ಲಿ ನಿಲ್ಲಬೇಕೋ ಅಷ್ಟು ದೂರದಲ್ಲಿ ಸರಿಯಾಗಿ ನಿಂತ. ಕಾಲಿನಿಂದ ಒಂದು ತಗಡಿನ ತಟ್ಟೆಯನ್ನು ನಮ್ಮ ಕಡೆ ತಳ್ಳಿದ.

"ಅದರಲ್ಲಿ ಹಾಕಿ."

ಹಾಕಿದೆವು. ಅವನು ಸಣ್ಣ ಹಿತ್ತಾಳೆ ಚೊಂಬಿನಿಂದ ನೀರು ತೆಗೆದು ಹಾಳೆಯ ಮೇಲೆ ಚಿಮುಕಿಸಿ ಆಮೇಲೆ ಎತ್ತಿಕೊಂಡ. ಮಸಿ ಅಲ್ಲಲ್ಲಿ ಹರಡಿತು. ಅವರ ದೇಶದಲ್ಲೂ ನಮ್ಮಂಥವರು ಇದ್ದಾರಂತೆ. ಊರ ಹೊರಗೇ ಇರುತ್ತಾರಂತೆ. ಆದ್ದರಿಂದ ಅವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಾವು ಮುಟ್ಟಿದ್ದನ್ನು ತೊಳೆಯಲು ಅವನ ಬಳಿ ನೀರಿತ್ತು. ನಮ್ಮ ಕಣ್ಣು ತೊಳೆಯಲು ಊರಿನಲ್ಲಿ ನೀರಿರಲಿಲ್ಲ.

"ಪರಿಶೀಲನೆ ಮಾಡ್ತಾರೆ. ಹೋಗಿ" ಎಂದ.

ಆರು ತಿಂಗಳು ಪರಿಶೀಲನೆ ಮಾಡಿದರು. ಪ್ರತಿ ವಾರ ಹಿಂದಿನ ಬಾಗಿಲಿಗೆ ಹೋಗಿ ನಿಂತೆವು. ಮುಕದ್ದಮ ಅಷ್ಟೂ ದಿನ ಅಣ್ಣನ ಹೆಸರನ್ನು ಕಿತ್ತಿರಲಿಲ್ಲ. ಅರ್ಜಿ ಇತ್ಯರ್ಥವಾಗಲಿ ಎನ್ನುತ್ತಿದ್ದ. ಅಣ್ಣ ನನ್ನ ಸೆರಗು ಹಿಡಿದುಕೊಂಡೇ ಓಣಿಗೆ ಬರುತ್ತಿದ್ದ. ಕಿಂಡಿಯೊಳಗೆ ಕೈ ಹಾಕಲು ಕಣ್ಣು ಬೇಕಿಲ್ಲ. ಅವನು ಬಾಚುತ್ತಿದ್ದ, ನಾನು ಹೊರುತ್ತಿದ್ದೆ.

ಒಂದು ದಿನ ಕಾರಿನಲ್ಲಿ ಬಿಳಿ ಸಾಹೇಬನೊಬ್ಬ ಬಂದ. ಅವನ ಜೊತೆ ಇಬ್ಬರು ದೊರೆಸಾನಿಯರು. ಕೇರಿಯ ಪಕ್ಕದ ಕಡಲ ದಂಡೆಯಲ್ಲಿ ಅವರ ಹೊಸ ಕ್ಲಬ್ಬು ಏಳುತ್ತಿತ್ತು. ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಮ್ಮ ಗುಡಿಸಲುಗಳ ಕಡೆ ಬೆರಳು ತೋರಿಸಿದ. ಆಳುಗಳು ಹಗ್ಗ ಹಿಡಿದು ಅಳತೆ ಮಾಡಿದರು. ಗೂಟ ಹೊಡೆದರು.

"ಪೈಪಿಗೆ ಅಳತೆ" ಎಂದ ಅಜ್ಜ. ಆ ಸಂಜೆ ನಮ್ಮವರು ಡೋಲು ಬಾರಿಸಿದರು. ಸಲೂಮಾ ಕುಣಿದಳು. ನಾನೂ ಕುಣಿದೆ.

ಮರುವಾರ ಲಾರಿಯಲ್ಲಿ ಕಲ್ಲು ಬಂತು. ಬುಟ್ಟಿ ಹೊತ್ತು ಬಂದ ಮೇಲೆ ಮಧ್ಯಾಹ್ನ ಎಲ್ಲರೂ ಕಲ್ಲು ಹೊರಬೇಕೆಂದು ಮುಕದ್ದಮ ಹೇಳಿದ.

"ನಲ್ಲಿಗೆ ಇಷ್ಟು ಕಲ್ಲು ಯಾಕಂತೆ?" ಎಂದಳು ಸಲೂಮಾ.

"ತೊಟ್ಟಿ ಕಟ್ತಾರೇನೋ" ಎಂದ ಅಜ್ಜ.

ಅಣ್ಣನೂ ಕಲ್ಲು ಹೊತ್ತ. ಬೇಡ ಎಂದರೂ ಕೇಳಲಿಲ್ಲ. ತಾನು ದುಡಿಯುವುದನ್ನು ಮುಕದ್ದಮ ನೋಡಲಿ ಎಂಬ ಆಸೆ ಅವನಿಗೆ. ಎಡವಿ ಬಿದ್ದ. ಮೊಣಕಾಲಿನ ಚರ್ಮ ಕಿತ್ತುಬಂತು. ಎದ್ದು ಮತ್ತೆ ಹೊತ್ತ. ಬಿಸಿಲಿಗೆ ಕಾದ ಕಲ್ಲು ನಮ್ಮ ಹೆಗಲಿನಲ್ಲಿ ಬೊಬ್ಬೆ ಎಬ್ಬಿಸಿತು. ಬೊಬ್ಬೆ ಒಡೆದಲ್ಲಿ ನೊಣ ಕೂತವು. ಗೋಡೆ ಸೊಂಟದ ಎತ್ತರಕ್ಕೆ ಬಂತು, ಎದೆಗೆ ಬಂತು. ತಲೆ ದಾಟಿದ ದಿನ ನಮಗೆ ಅರ್ಥವಾಯಿತು. ಕೇರಿಗೂ ಕ್ಲಬ್ಬಿಗೂ ನಡುವೆ, ಕೇರಿಗೂ ರಸ್ತೆಗೂ ನಡುವೆ ಗೋಡೆ. ಉಪ್ಪಿನ ಗದ್ದೆಯ ಕಡೆಗೆ ಮಾತ್ರ ಒಂದು ಸಂದು. ನಮ್ಮನ್ನು ಮುಚ್ಚುವ ಗೋಡೆಯನ್ನು ನಮ್ಮ ಹೆಗಲ ಮೇಲೇ ಹೊತ್ತು ತಂದು ಕಟ್ಟಿದ್ದೆವು.

ಗಾರೆ ಒಣಗಿದ ಮೇಲೆ ವಲ್ಲಭಜಿ ಬಂದ. ಗೋಡೆಯ ನೆರಳಿನಲ್ಲಿ ಮೇಜು ಹಾಕಿಸಿದ. ಮುನ್ಷಿ ಘಾನಿಮನೂ ಮುಕದ್ದಮನೂ ಜೊತೆಗಿದ್ದರು. ಎಲ್ಲರನ್ನೂ ನಿಲ್ಲಿಸಿ ವಲ್ಲಭಜಿ ಆಜ್ಞೆ ಓದಿದ.

"ನಿಮ್ಮ ಅರ್ಜಿಯನ್ನ ದೊರೆಗಳು ಕರುಣೆಯಿಂದ ನೋಡಿದ್ದಾರೆ. ಕೇರಿಯ ಆರೋಗ್ಯಕ್ಕಾಗಿ, ಅಚ್ಚುಕಟ್ಟಿಗಾಗಿ ಗೋಡೆ ಕಟ್ಟಿಸಿದ್ದಾರೆ. ಅದರ ಖರ್ಚಿನಿಂದಾಗಿ ನಲ್ಲಿಯ ವಿಷಯ ಸದ್ಯಕ್ಕಿಲ್ಲ. ಕಕ್ಕಸಿನ ಅಗತ್ಯ ಕಾಣುವುದಿಲ್ಲ, ಕಡಲ ದಂಡೆ ಹತ್ತಿರವೇ ಇದೆ. ಇನ್ನು ಜುಮಾನ್ ಎಂಬವನು."

ಅಣ್ಣ ತಲೆ ಎತ್ತಿದ.

"ಅರ್ಜಿಯಲ್ಲಿ ಕೋರಿದಂತೆ ಅವನನ್ನ ಬಿಡುಗಡೆ ಮಾಡಲಾಗಿದೆ. ಹದಿನೈದು ದಿನದಲ್ಲಿ ಗುಡಿಸಲು ಬಿಡಬೇಕು."

"ಯಾವುದರಿಂದ ಬಿಡುಗಡೆ?" ಎಂದ ಅಣ್ಣ.

"ಕೆಲಸದಿಂದ."

"ನಾನು ಅದನ್ನ ಕೇಳಲಿಲ್ಲ."

"ಬರೆದಿದೆಯಲ್ಲ. ನಿನ್ನ ಹೆಬ್ಬೆಟ್ಟೂ ಇದೆ."

ನಾನು ಮುನ್ಷಿಯನ್ನು ನೋಡಿದೆ. ಅವನು ಲೇಖನಿಯ ಮೊನೆ ಒರೆಸುತ್ತಿದ್ದ.

ಆಮೇಲೆ ಎರಡನೆಯ ಹಾಳೆ ಹೊರಬಂತು. ಮುಂದಿನ ಶುಕ್ರವಾರ ಕ್ಲಬ್ಬು ತೆರೆಯಲು ವಿಲಾಯತಿಯಿಂದ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಅವರ ಮುಂದೆ ಓದಲು ಕೇರಿಯವರ ಕೃತಜ್ಞತೆ ಬೇಕಂತೆ. ಮುನ್ಷಿ ಬರೆದೇ ತಂದಿದ್ದ. 'ತಾವು ಕರುಣಿಸಿದ ಈ ಭವ್ಯ ಗೋಡೆಯ ನೆರಳಿನಲ್ಲಿ ನಾವು ಸುಖವಾಗಿದ್ದೇವೆ' ಎಂದು ಓದಿದ.

ಅಜ್ಜನನ್ನು ಮೊದಲು ಕರೆದರು. ಅವನು ಹೋದ. ಎಪ್ಪತ್ತು ವರ್ಷ ಕರೆದಾಗಲೆಲ್ಲ ಹೋದವನು. ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಹಾಳೆಯ ಮೇಲೆ ಹಿಡಿದ. ಒತ್ತದೆ ಹಾಗೇ ನಿಂತ. ಅದನ್ನು ನೋಡಿ ಮುಕದ್ದಮ ಅವನನ್ನು ಬಿಟ್ಟು ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದ.

"ಬಾರೇ. ನೀನೇ ಅಲ್ವಾ ಅರ್ಜಿ ಅರ್ಜಿ ಅಂತ ಕುಣಿದವಳು. ನಿನ್ನದೇ ಮೊದಲು ಬೀಳಲಿ."

"ಒತ್ತಲ್ಲ."

"ಏನಂದೆ?"

"ನನಗೆ ಸುಖ ಇಲ್ಲ. ಇದೆ ಅಂತ ಒತ್ತಲ್ಲ."

ಅವನು ನನ್ನ ಮಣಿಕಟ್ಟು ಹಿಡಿದು ಮೇಜಿನ ಕಡೆ ಎಳೆದ. ಮುಷ್ಟಿ ಕಟ್ಟಿದೆ. ಬೆರಳು ಬಿಡಿಸಲು ನೋಡಿದ. ಆಗಲಿಲ್ಲ. ಬೆತ್ತದಿಂದ ಗೆಣ್ಣಿನ ಮೇಲೆ ಹೊಡೆದ. ಒಂದು, ಎರಡು, ಮೂರು. ಚರ್ಮ ಒಡೆದು ರಕ್ತ ಬಂತು. ಹೆಬ್ಬೆಟ್ಟು ಮುಷ್ಟಿಯ ಒಳಗೆ ಇತ್ತು. ನಾನು ಹುಟ್ಟಿದಾಗಿನಿಂದ ಬುಟ್ಟಿ ಹಿಡಿದ ಕೈ ಅದು. ಅವನ ಕೈಗಿಂತ ಗಟ್ಟಿ.

ಆಮೇಲೆ ಅವನಿಗೆ ನೆನಪಾಯಿತು, ನನ್ನನ್ನು ಮುಟ್ಟಿದ್ದೇನೆ ಎಂದು. ಕೈ ಬಿಟ್ಟ. ಗೋಡೆಯ ಗಾರೆಗೆ ಅಂಗೈ ಉಜ್ಜತೊಡಗಿದ. ಅಂಗೈ ಕೆಂಪಾಗುವ ತನಕ ಉಜ್ಜಿದ. ಇಷ್ಟು ವರ್ಷ ಜನರ ಹೇಲು ಬಾಚಿದ್ದೇನೆ, ಎಂದೂ ವಾಂತಿ ಬಂದಿರಲಿಲ್ಲ. ಅವನು ಕೈ ಉಜ್ಜುವುದನ್ನು ನೋಡಿ ಬಂತು. ಮೇಜಿನ ಕಾಲಿನ ಹತ್ತಿರ ಕಕ್ಕಿದೆ.

ಅಜ್ಜ ಹೆಬ್ಬೆಟ್ಟಿನ ಮಸಿಯನ್ನು ತನ್ನ ಲುಂಗಿಗೆ ಒರೆಸಿಕೊಂಡ. "ನನ್ನದೂ ಬೀಳಲ್ಲ" ಎಂದ. ತಿರುಗಿ ಗುಡಿಸಲಿಗೆ ನಡೆದ. ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ವಲ್ಲಭಜಿಯ ಹಾಳೆ ಮೇಜಿನ ಮೇಲೆ ಖಾಲಿ ಉಳಿಯಿತು.

ಮರುದಿನ ಯಾರೂ ಕೆಲಸಕ್ಕೆ ಹೋಗಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಬುಟ್ಟಿಗಳು ಬೋರಲು ಬಿದ್ದಿದ್ದವು.

ಮೊದಲ ಎರಡು ದಿನ ಊರು ನಕ್ಕಿತಂತೆ. ಮೂರನೆಯ ದಿನ ಕಿಂಡಿಗಳು ತುಂಬಿದವು. ನಾಲ್ಕನೆಯ ದಿನ ಓಣಿಗೆ ಹರಿಯಿತು. ಆಗಿನ ಬಿಸಿಲಿನಲ್ಲಿ ಮಾಂಸ ಒಂದು ಗಂಟೆ ನಿಲ್ಲುವುದಿಲ್ಲ, ಹೇಲು ನಿಲ್ಲುತ್ತದೆಯೇ. ನೊಣ ಎದ್ದವು. ಊಟದ ತಟ್ಟೆಯ ಮೇಲೆ, ಮಲಗಿದ ಕೂಸಿನ ತುಟಿಯ ಮೇಲೆ ಕೂತವು. ಊರಿನ ನಲ್ಲಿಯ ಸುತ್ತ ಪಾದ ಮುಳುಗುವಷ್ಟು ನಿಂತಿತು. ನಾವು ಆ ನಲ್ಲಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಲ್ಲಿ ನಿಂತದ್ದು ಅವರದೇ.

ಕೈದಿಗಳನ್ನು ಕರೆಸಿದರು. ಇಬ್ಬರು ಕಿಂಡಿಯ ಮುಂದೆಯೇ ವಾಂತಿ ಮಾಡಿಕೊಂಡರು. ಒಬ್ಬ ಓಡಿಹೋದ. ಉಳಿದವರು ಮತ್ತೆ ಜೈಲಿಗೇ ಕರೆದುಕೊಂಡು ಹೋಗಿ ಎಂದು ಗೋಗರೆದರಂತೆ. ಕ್ಲಬ್ಬು ತೆರೆಯಲಿಲ್ಲ. ಬಂದ ದೊಡ್ಡ ಮನುಷ್ಯ ಹಡಗಿನಿಂದ ಇಳಿಯಲೇ ಇಲ್ಲ.

ಪೊಲೀಸರು ನಮ್ಮ ಕೇರಿಗೆ ನುಗ್ಗಿದರು. ಡೋಲುಗಳನ್ನು ತುಳಿದು ಒಡೆದರು. ಆರು ಗಂಡಸರನ್ನು ಎಳೆದೊಯ್ದರು. ಅಜ್ಜನ ಬೆನ್ನಿನ ಮೇಲೆ ಬೂಟಿನ ಗುರುತು ಬಿತ್ತು. ನೀರಿನ ಗಾಡಿಯವನು ನಮಗೆ ನೀರು ಮಾರುವುದನ್ನು ನಿಲ್ಲಿಸಿದ. ಮರಳು ತೋಡಿ ಉಪ್ಪುನೀರು ಕುಡಿದೆವು. ಒಣಮೀನು ಮುಗಿಯಿತು. ಎಂಟನೆಯ ದಿನ ಸಲೂಮಾ ನನ್ನ ಮುಂದೆ ಬಂದು ಕೂತಳು.

"ಮಬ್ರೂಕಾ, ಸಾಕು. ನಾಳೆ ಹೋಗೋಣ."

"ಹೋಗು."

"ಬೈಬೇಡ ಕಣೇ. ನಾಲಿಗೆ ಊದಿಕೊಂಡಿದೆ, ನೋಡು."

"ಬೈಲಿಲ್ಲ. ಹೋಗು ಅಂದೆ."

ಅವಳು ಅತ್ತಳು. ಆದರೆ ಹೋಗಲಿಲ್ಲ. ನನ್ನ ಗುಡಿಸಲಿನಲ್ಲೇ ಮಲಗಿದಳು.

ಹನ್ನೊಂದನೆಯ ದಿನ ಸಾಹೇಬನೇ ಬಂದ. ಉಪ್ಪಿನ ಗದ್ದೆ ಸುತ್ತಿ ಸಂದಿನಿಂದ ಒಳಗೆ ಬರಬೇಕಾಯಿತು. ಬೂಟೆಲ್ಲ ಕೆಸರು. ಹಿಂದೆ ವಲ್ಲಭಜಿ. ಸಾಹೇಬ ಹೇಳಿದ್ದನ್ನು ಅವನು ನಮ್ಮ ಮಾತಿಗೆ ತಿರುಗಿಸಿದ.

"ಏನು ಬೇಕಂತ ಇನ್ನೊಂದು ಅರ್ಜಿ ಬರೆದುಕೊಡಿ ಅಂತಿದ್ದಾರೆ."

"ಅರ್ಜಿ ಇಲ್ಲ" ಎಂದ ಅಜ್ಜ. ಅವನಿಗೆ ಕೂರಲಾಗುತ್ತಿರಲಿಲ್ಲ. ಮಗ್ಗುಲಾಗಿ ಮಲಗಿಕೊಂಡೇ ಮಾತಾಡಿದ. "ನೀರು, ಕಕ್ಕಸು, ಹಿಡ್ಕೊಂಡು ಹೋದ ಆರು ಜನ, ಜುಮಾನನ ಹೆಸರು. ಬೇಕಾದ್ರೆ ನೀವೇ ಬರ್ಕೊಳಿ."

ಅವರಿಬ್ಬರೂ ಬಿಸಿಲಿನಲ್ಲಿ ನಿಂತು ಮಾತಾಡಿಕೊಂಡರು. ನೆರಳಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

"ನಲ್ಲಿ ಕೊಡ್ತಾರೆ. ಕಕ್ಕಸನ್ನೂ ಕಟ್ಟಿಸ್ತಾರೆ. ಆರು ಜನ ಬರ್ತಾರೆ" ಎಂದ ವಲ್ಲಭಜಿ. "ಜುಮಾನನ ವಿಷಯ ಮುಗಿದಿದೆ. ಅರ್ಜಿಯಲ್ಲಿ ಕೇಳಿದ್ದನ್ನೇ ಕೊಟ್ಟಾಗಿದೆ."

"ನಲ್ಲಿ ಮೊದಲು ಬರಲಿ" ಎಂದ ಅಜ್ಜ.

ಒಂದೂವರೆ ದಿನದಲ್ಲಿ ಆರು ಜನರನ್ನೂ ಬಿಟ್ಟರು, ಪೈಪೂ ಬಂತು. ದೂರದಿಂದೇನೂ ತರಲಿಲ್ಲ. ಗೋಡೆಗೆ ಒಂದು ತೂತು ಕೊರೆದು ಕ್ಲಬ್ಬಿನ ಕೊಳವೆಯಿಂದಲೇ ಎಳೆದರು. ಅಲ್ಲಿ ಹೂವಿನ ಗಿಡಗಳಿಗೆ ಬಿಡುತ್ತಿದ್ದ ನೀರು ಅದು. ಇನ್ನೂರು ಹೆಜ್ಜೆಯಾಚೆ ಇತ್ತು. ಸಲೂಮಾಳ ಕೂಸು ಸತ್ತಾಗ ಕ್ಲಬ್ಬೂ ಇರಲಿಲ್ಲ, ನೀರೂ ಇರಲಿಲ್ಲ. ಬಿಳಿಯರ ಹೂವು ಬಂದ ಮೇಲೆ ನೀರು ಬಂದಿತ್ತು.

ಕೇರಿಯವರು ನಲ್ಲಿಗೆ ಮುತ್ತಿಕೊಂಡರು. ಡಬ್ಬ, ಚೊಂಬು, ಚಿಪ್ಪು, ಕೈಗೆ ಸಿಕ್ಕಿದ್ದರಲ್ಲಿ ಹಿಡಿದರು. ಅಣ್ಣ ಗುಡಿಸಲಿನ ಬಾಗಿಲಲ್ಲಿ ಕೂತಿದ್ದ. ನಾನು ಚೊಂಬು ತಂದು ಕೊಟ್ಟೆ. ಕುಡಿದ.

"ನೀರು ಬಂತಲ್ಲ" ಎಂದ. "ಬಿಡು. ನಾನು ಎಲ್ಲಾದ್ರೂ ಹೋಗ್ತೀನಿ. ಇವರನ್ನ ಇನ್ನೂ ಉಪವಾಸ ಹಾಕಬೇಡ."

"ಎಲ್ಲಿಗೆ ಹೋಗ್ತೀಯ?"

ಅವನು ಖಾಲಿ ಚೊಂಬನ್ನು ನನ್ನ ಕಡೆ ಚಾಚಿದ. ನೀರಿನ ಹತ್ತಿರ ಇದ್ದವರಲ್ಲಿ ಯಾರೂ ನಮ್ಮ ಕಡೆ ನೋಡಲಿಲ್ಲ. ನೋಡಿದವರು ಬೇಗ ಮುಖ ತಿರುಗಿಸಿದರು. ಅವರ ಮೇಲೆ ನನಗೆ ಅಸಹ್ಯ ಹುಟ್ಟಿತು. ಆ ನೀರನ್ನು ನಾನೂ ಎರಡು ಚೊಂಬು ಕುಡಿದಿದ್ದೆ. ನನ್ನ ಮೇಲೂ ಹುಟ್ಟಿತು.

ಮರುದಿನ ಬೆಳಗಾಗುತ್ತಲೇ ಮುಕದ್ದಮ ಪಟ್ಟಿ ಹಿಡಿದುಕೊಂಡು ಬಂದ. ಎಲ್ಲರೂ ಬುಟ್ಟಿ ಹಿಡಿದು ಅಂಗಳದಲ್ಲಿ ಸೇರಿದ್ದರು. ಅಣ್ಣ ಬಂದಿರಲಿಲ್ಲ. ಗುಡಿಸಲಿನಲ್ಲಿ ಚಾಪೆ ಸುತ್ತುತ್ತಿದ್ದ.

"ಫುತೈನಿ."

ಅಜ್ಜ ಇಬ್ಬರ ಹೆಗಲು ಹಿಡಿದುಕೊಂಡು ಅವನ ಎದುರಿಗೇ ನಿಂತಿದ್ದ. ಮಾತಾಡಲಿಲ್ಲ.

"ಫುತೈನಿ. ಏನಯ್ಯಾ, ಕಿವಿ ಹೋಯ್ತಾ?"

ಸುಮ್ಮನಿದ್ದ. ಮುಕದ್ದಮ ಮುಂದಿನ ಹೆಸರು ಕೂಗಿದ.

"ಸಲೂಮಾ."

ಸಲೂಮಾ ನೆಲ ನೋಡುತ್ತ ನಿಂತಿದ್ದಳು. ಬಾಯಿ ಬಿಡಲಿಲ್ಲ. ಅವರು ಮೊದಲೇ ಮಾತಾಡಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಯಾರೂ ಹೇಳಿರಲಿಲ್ಲ. ನನ್ನ ಹೆಸರು ಬಂತು. ನಾನೂ ಬಾಯಿ ಬಿಡಲಿಲ್ಲ. ತೊಂಬತ್ತು ಹೆಸರನ್ನೂ ಅವನು ಕೂಗಿದ. ತೊಂಬತ್ತು ಜನವೂ ಅವನ ಕಣ್ಣೆದುರಿಗೇ ನಿಂತಿದ್ದೆವು.

"ಒಂದು ಹೆಸರು ಬಿಟ್ರಿ" ಎಂದ ಅಜ್ಜ.

"ಪಟ್ಟೀಲಿಲ್ಲ."

"ಬರ್ಕೊಳಿ."

"ಅದು ಕಚೇರಿಯವರ ಆಜ್ಞೆ. ನಾನು ಹ್ಯಾಗಯ್ಯಾ ಬರೀಲಿ?"

"ಹಾಗಾದ್ರೆ ಹೋಗಿ ಅವರನ್ನೇ ಬಾಚೋಕೆ ಹೇಳಿ."

ಮುಕದ್ದಮ ಊರಿನ ಕಡೆ ನೋಡಿದ. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಅವನ ಮನೆಯೂ ಅಲ್ಲೇ. ಅವನ ಹೆಂಡತಿ ಮಕ್ಕಳೂ ಅದರ ನಡುವೆಯೇ ಹದಿಮೂರು ದಿನ ಕಳೆದಿದ್ದರು. ಸೀಸದ ಕಡ್ಡಿ ತೆಗೆದ. ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಪಕ್ಕಕ್ಕೆ ಉಗಿದ. ಆಮೇಲೆ ಕೂಗಿದ.

"ಜುಮಾನ್."

ಸಲೂಮಾ ಓಡಿಹೋಗಿ ಅಣ್ಣನನ್ನು ಕೈಹಿಡಿದು ತಂದಳು. ಅವನ ಕಂಕುಳಲ್ಲಿ ಸುತ್ತಿದ ಚಾಪೆ ಹಾಗೇ ಇತ್ತು. ಏನಾಗಿದೆ ಎಂದು ಅವನಿಗೆ ತಿಳಿದಿರಲಿಲ್ಲ.

"ಕೂಗ್ತಿದ್ದಾರೆ ಕಣೋ. ಹೇಳು" ಎಂದಳು.

"ಇದ್ದೀನಿ" ಎಂದ ಅಣ್ಣ.

ಆಮೇಲೆ ಅಜ್ಜ ಇದ್ದೀನಿ ಎಂದ. ಸಲೂಮಾ ಎಂದಳು. ನಾನು ಎಂದೆ. ಎಲ್ಲರೂ ಎಂದರು.

ಅಣ್ಣನಿಗೆ ಒಂದು ಪೊರಕೆ ಕೊಟ್ಟರು. ಉಳಿದವರು ಬುಟ್ಟಿ ಹಿಡಿದು ಊರಿನ ಕಡೆ ನಡೆದೆವು. ಓಣಿಯ ಬಾಯಲ್ಲೇ ಕಾಲು ಹೂತವು. ಹದಿಮೂರು ದಿನದ್ದು. ಮೇಲೆ ಕೆನೆ ಕಟ್ಟಿತ್ತು, ಒಳಗೆ ಹುಳು ಮಿಜಿಮಿಜಿ ಎನ್ನುತ್ತಿತ್ತು. ಕಿಟಕಿಗಳ ಹಿಂದೆ ಜನ ಮೂಗು ಮುಚ್ಚಿಕೊಂಡು ನಮ್ಮ ದಾರಿ ಕಾಯುತ್ತಿದ್ದರು. ಗೆದ್ದು ಬಂದಿದ್ದೆವು. ಗೆದ್ದ ನಾವೇ ಅದನ್ನು ಬಾಚಬೇಕಿತ್ತು.

ಗೆಣ್ಣಿನ ಗಾಯ ಇನ್ನೂ ಹಸಿಯಾಗಿತ್ತು. ಅದೇ ಕೈಯನ್ನು ಕಿಂಡಿಯೊಳಗೆ ತೂರಿಸಿದೆ. ಬುಟ್ಟಿ ತುಂಬಿತು. ತಲೆಗೇರಿಸಿಕೊಂಡೆ. ಸೋರಿದ್ದು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಬಾಯಿಯ ಹತ್ತಿರ ಇಳಿಯಿತು. ತುಟಿ ಬಿಗಿದುಕೊಂಡು ನಡೆದೆ.